ನಾನು ನೆಪ್ಚೂನ್ ಆಗಿ ನಿಂತದ್ದು

ನೆಪ್ಚೂನ್ ಗ್ರಹಕ್ಕೆ ನಡೆದುಕೊಂಡೇ ಹೋಗಿ ಬಂದವನು ಇಡೀ ಬೀದರ ಜಿಲ್ಲೆಯಲ್ಲಿ ನಾನೊಬ್ಬನೇ. ಇವತ್ತು ಹುಮನಾಬಾದಿನಲ್ಲಿ ಅಣ್ಣನ ಮಗಳಿಗೆ ಸೌರಮಂಡಲದ ಚಾರ್ಟ್ ಕೊಳ್ಳುವಾಗ, ಅದರಲ್ಲಿ ಗ್ರಹಗಳೆಲ್ಲ ಒಂದಕ್ಕೊಂದು ಅಂಟಿ ಕೂತಿದ್ದನ್ನು ಕಂಡು ಬಸವಕಲ್ಯಾಣದ ಕಡೆಯ ನಮ್ಮೂರ ಶಾಲೆ ನೆನಪಾಯಿತು.

ಅಂದು ಗ್ರಹಗಳ ನಡುವಿನ ದೂರ ತೋರಿಸಲು ಮಾಸ್ತರರು ಕಟ್ಟೆಯ ಮೇಲೆ ಕುಂಬಳಕಾಯಿ ಇಟ್ಟು ಸೂರ್ಯ ಎಂದರು. ಸಾಸಿವೆ ಕಾಳು ಹಿಡಿದ ಹುಡುಗ ಭೂಮಿಯಾಗಿ ಅಂಗಳದಲ್ಲೇ ನಿಂತ. ನನ್ನ ಅಂಗೈಗೆ ಕಡಲೆಕಾಳು ಬಿತ್ತು.

"ನೀ ನೆಪ್ಚೂನ್. ಹಳ್ಳ ದಾಟಿ ಬನ್ನಿ ಗಿಡದ ತನಕ ಹೋಗು. ನಾ ಕರಿಯೋ ತನಕ ಅಲುಗಾಡಬ್ಯಾಡ, ಲೆಕ್ಕ ತಪ್ಪತದ."

ಅಲ್ಲಿಂದ ಕುಂಬಳಕಾಯಿ ಇರಲಿ, ಶಾಲೆಯೇ ಕಾಣಲಿಲ್ಲ. ಗಂಟೆಯೂ ಕೇಳಿಸಲಿಲ್ಲ. ತೊಗರಿ ಹೊಲದ ಮೇಲೆ ಹೊತ್ತು ಇಳಿಯಿತು. ಓಡಿದರೆ ಮಾಸ್ತರರ ಲೆಕ್ಕ ಕೆಡುತ್ತದೆ, ನಿಂತರೆ ಕತ್ತಲಾಗುತ್ತದೆ. ಕಾಳನ್ನು ಬಿಗಿಹಿಡಿದು ಅಳುತ್ತ ನಿಂತೆ. ಯಾರೂ ಕರೆಯಲು ಬರಲಿಲ್ಲ.

ಹುಲ್ಲಿನ ಹೊರೆ ಹೊತ್ತ ಮುದುಕಿಯೊಬ್ಬಳು ಕೊನೆಗೆ ಕೇಳಿದಳು, "ತಮ್ಮಾ, ಇಲ್ಲಿ ಏನ್ ಮಾಡಾಕತ್ತಿ?"

"ನೆಪ್ಚೂನ್ ಆಗೀನಿ, ಆಯಿ."

"ಆಗಿದ್ದು ಸಾಕು, ಮನಿಗಿ ನಡಿ. ಸಾಲಿ ಬಿಟ್ಟು ಎಷ್ಟೊತ್ತಾತು! ನಿಮ್ಮ ಮಾಸ್ತರ ಬಸ್ ಹತ್ತಿ ಹೋದ."

ಅಂಗಡಿಯವನು ಚಾರ್ಟ್ ಸುತ್ತುತ್ತಿದ್ದಾಗ ಹುಡುಗಿ ಕೇಳಿದಳು, "ಕಾಕಾ, ನೆಪ್ಚೂನ್‌ದಾಗ ಯಾರರೆ ಇರ್ತಾರೇನು?"

"ಯಾರೂ ಇರಬಾರದವ್ವಾ" ಎಂದೆ.