ಗೋಡೆಗೆ ಕಿವಿ ಹಚ್ಚುವ ಗಿರಿಜಾ ಆಂಟಿ

ನಮ್ಮ ಗೃಹಪ್ರವೇಶಕ್ಕೆ ಬಂದ ಗಿರಿಜಾ ಆಂಟಿ ಕುಂಕುಮ ತೆಗೆದುಕೊಳ್ಳುವ ಮೊದಲೇ ಹಜಾರದ ಗೋಡೆಗೆ ಕಿವಿ ಹಚ್ಚಿ, ಬೆರಳು ಮಡಚಿ ತಟ್ಟಿದರು. ಸೈಪ್ರೆಸ್ ಎಂಬ ಊರಿನಲ್ಲಿ ನಾವು ಕೊಂಡ ಮೊದಲ ಮನೆ. ಬಂದವರೆಲ್ಲ ಅಡುಗೆಮನೆಯನ್ನು ಹೊಗಳುತ್ತಿದ್ದರು. ಆಂಟಿ ಮಾತ್ರ, "ಬಿಲ್ಡರ್ ಹೇಳಿದ್ದು ಬ್ಯಾಡ ತಮ್ಮಾ. ನೀ ಕಣ್ಣಿಲೆ ಏನ್ ನೋಡಿದಿ, ಅದನ್ನ ಹೇಳು" ಎಂದರು. ನಾನು ಏನೂ ನೋಡಿರಲಿಲ್ಲ.

ಹುಬ್ಬಳ್ಳಿಯವರು, ಸಿವಿಲ್ ಎಂಜಿನಿಯರ್. ಬಡವರ ಮನೆ ರಿಪೇರಿಗೆ, ಹಳೆಯ ಓಣಿಗಳ ಚರಂಡಿಗೆ ವಾಷಿಂಗ್ಟನ್ನಿನ ಫೆಡರಲ್ ಸರ್ಕಾರ ಕೊಡುವ ದುಡ್ಡು ಸರಿಯಾಗಿ ಖರ್ಚಾಯಿತೇ ಎಂದು ನೋಡುವ ಇನ್‌ಸ್ಪೆಕ್ಟರ್ ಆಗಿದ್ದು ನಿವೃತ್ತರಾದವರು. ನಿವೃತ್ತಿಯ ನಂತರವೂ ರಿಪೇರಿ ಸರಿಯಾಗಿದೆಯೇ ನೋಡಲು ಜನ ಅವರನ್ನೇ ಕರೆಯುತ್ತಿದ್ದರು. ಮೊಣಕಾಲು ನೋವಿನಿಂದ ಡ್ರೈವ್ ಮಾಡಲಾಗದೆ, ಶನಿವಾರ ನನ್ನ ಕಾರು ಹತ್ತುತ್ತಿದ್ದರು.

ಹಾಗೆ ಒಮ್ಮೆ ಡೋರಾ ಎಂಬ ವಿಧವೆ ಅಜ್ಜಿಯ ಮನೆಗೆ ಹೋದೆವು. ಅನುದಾನದಲ್ಲಿ ಸೂರು ರಿಪೇರಿ ಮುಗಿದಿದೆ, ಸಹಿ ಹಾಕಿ ಎಂದು ಕಂಟ್ರಾಕ್ಟರ್ ಆಕೆಗೆ ಅವಸರ ಮಾಡುತ್ತಿದ್ದ. ಆಂಟಿ ನನ್ನ ಕೈಗೆ ನೀರಿನ ಪೈಪು ಕೊಟ್ಟು, ಸೂರಿನ ಮೇಲೆ ಬಿಡು ಎಂದರು.

"ನನ್ನ ಮೇಲೆ ನಂಬಿಕೆ ಇಲ್ಲವೇ ಮೇಡಂ?" ಎಂದ ಆತ.

"ಇಲ್ಲ" ಎಂದರು, ಟೈಮ್ ಹೇಳಿದಷ್ಟು ಸಲೀಸಾಗಿ.

ಸ್ವಲ್ಪ ಹೊತ್ತಿಗೇ ಒಳಗೆ ಡೋರಾಳ ಹಾಸಿಗೆಯ ಮೇಲೆ ನೀರು ತೊಟ್ಟಿಕ್ಕಿತು. ಆತ ಸೂರನ್ನು ಮತ್ತೆ ಬಿಚ್ಚಿ ಕಟ್ಟಬೇಕಾಯಿತು.

ಅವರ ಸಹವಾಸದಲ್ಲಿ ನನಗೂ ಸಂಶಯದ ರೋಗ ಅಂಟಿತು. ಹಾಗಾಗಿ ವಾಷಿಂಗ್ಟನ್ನಿನಲ್ಲಿ ಈ ಅನುದಾನವನ್ನೇ ನಿಲ್ಲಿಸುತ್ತಾರಂತೆ ಎಂಬ ಸುದ್ದಿ ಬಂದಾಗ, ಕಾರಿನಲ್ಲಿ ಕೇಳಿದೆ. "ನಿಂತರೆ ಒಳ್ಳೇದೇ ಅಲ್ವಾ ಆಂಟಿ? ಕಂಟ್ರಾಕ್ಟರ್‌ಗಳು ತಿಂತಾರೆ ಅಂತ ನೀವೇ ಹೇಳ್ತೀರಿ."

ಆಂಟಿ ನನ್ನ ಕಡೆ ತಿರುಗಿದರು. "ನಾ ಸಂಶಯ ಪಡೋದು ಡೋರಾಗ ಮನಿ ಸಿಗ್ಲಿ ಅಂತ. ದುಡ್ಡು ನಿಲ್ಲಸೋರು ಸಂಶಯ ಪಡೋದು ಸಿಗಬಾರದು ಅಂತ. ಎರಡೂ ಒಂದ ಅಂತ ತಿಳ್ಕೊಂಡೀ ಏನು?"

ಅನುದಾನ ಉಳಿಸಿ ಎಂದು ವಾಷಿಂಗ್ಟನ್ನಿಗೆ ಠರಾವು ಕಳಿಸಬೇಕೋ ಬೇಡವೋ ಎಂದು ಕೌಂಟಿಯವರು, ಅಂದರೆ ನಮ್ಮ ಜಿಲ್ಲಾಡಳಿತದವರು, ಸಭೆ ಕರೆದರು. ಒಬ್ಬ ಎದ್ದು, ಇದೆಲ್ಲ ಕಳ್ಳರ ಪಾಲಾಗುವ ದುಡ್ಡು ಎಂದ. ಚಪ್ಪಾಳೆಯೂ ಬಿತ್ತು. ಆಂಟಿ ಕುಂಟುತ್ತ ಮೈಕಿನ ಹತ್ತಿರ ಹೋದರು. ಅವರ ಇಂಗ್ಲಿಷಿನಲ್ಲೂ ಹುಬ್ಬಳ್ಳಿಯ ಗತ್ತೇ.

"ಹೌದು, ಕಳ್ಳತನ ಆಗಿದೆ. ಹಿಡಿದವಳು ನಾನೇ. ಹಿಡಿದ ಮೇಲೆ ಒಬ್ಬ ಮುದುಕಿ ಒಣ ಹಾಸಿಗೆಯಲ್ಲಿ ಮಲಗಿದಳು. ದುಡ್ಡೇ ಬರದಿದ್ದರೆ ನಾನು ಹಿಡಿಯುವುದೇನನ್ನು? ಆಕೆ ಮಲಗುವುದೆಲ್ಲಿ?"

ಠರಾವು ಪಾಸಾಯಿತು. ನಾನು ಹಿಗ್ಗಿದರೆ, "ಅದು ಬರೇ ಕಾಗದ ತಮ್ಮಾ" ಎಂದು ಸೀಟ್‌ಬೆಲ್ಟ್ ಹಾಕಿಕೊಂಡರು.

ಆಮೇಲೆ ಅವರಿಗೆ ಸ್ಟ್ರೋಕ್ ಆಯಿತು. ಮಗಳು ಟೇಲರ್ ಎಂಬ ಊರಿನ ತನ್ನ ಮನೆಗೆ ಕರೆದುಕೊಂಡು ಹೋದಳು. ಆ ವರ್ಷದ ಅನುದಾನ ಉಳಿಯಿತು ಎಂದು ತಿಳಿದಾಗ, ಹೇಳಲೆಂದೇ ಅಲ್ಲಿಗೆ ಹೋದೆ.

"ಆಂಟಿ, ದುಡ್ಡು ಉಳೀತು."

"ಛಲೋ ಆತು" ಎಂದು ನಕ್ಕು ನನ್ನ ಕೈ ಹಿಡಿದುಕೊಂಡರು.

ಮಗಳು ಚಹಾ ಇಟ್ಟು, "ಅಮ್ಮ ಈಗ ಭಾಳ ಶಾಂತ ಆಗ್ಯಾಳ. ಯಾರ್ ಏನ್ ಹೇಳಿದ್ರೂ ಓಕೆ ಅಂತಾಳ" ಎಂದಳು.

ಎಷ್ಟು ಕಡಿತ ಮಾಡಿದ್ದಾರೆ, ಯಾರ ಕೈಗೆ ಬರುತ್ತದೆ, ಬಂದದ್ದನ್ನು ಯಾರು ನೋಡಿಕೊಳ್ಳುತ್ತಾರೆ, ಎಲ್ಲ ವಿಚಾರಿಸಿಕೊಂಡೇ ಹೋಗಿದ್ದೆ. ಸಂಜೆಯವರೆಗೂ ಕೂತಿದ್ದೆ. ಆಂಟಿ ಒಂದನ್ನೂ ಕೇಳಲಿಲ್ಲ.