ಹೊಗಳಬಾರದ ಹೂವು

ನನಗೊಂದು ಹುಚ್ಚು ಹಿಡಿದರೆ ಅದು ಇಳಿಯುವವರೆಗೂ ಮನೆಯವರಿಗೆ ನೆಮ್ಮದಿಯಿಲ್ಲ. ಈ ವರ್ಷ ಹಿಡಿದದ್ದು ಜಪಾನಿನ ಹುಚ್ಚು. ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದೆ. ಚೆರ್ರಿ ಮರಗಳು ಹೂ ಬಿಟ್ಟವೆಂದರೆ ಅಲ್ಲಿನ ಜನ ಬುತ್ತಿ ಕಟ್ಟಿಕೊಂಡು ಹೋಗಿ, ಮರದ ಕೆಳಗೆ ಚಾಪೆ ಹಾಸಿ, ಸುಮ್ಮನೆ ಹೂ ನೋಡುತ್ತಾ ಕೂರುತ್ತಾರೆ. ಅದಕ್ಕೆ ಹನಾಮಿ ಎಂದು ಹೆಸರು. ಪೂಜೆಯಿಲ್ಲ, ಹರಕೆಯಿಲ್ಲ. ನೋಡುವುದು, ತಿನ್ನುವುದು, ಚೆನ್ನಾಗಿದೆ ಎನ್ನುವುದು, ಅಷ್ಟೇ. ಇಷ್ಟು ಸುಲಭದ ಹಬ್ಬ ನಮ್ಮ ಜನಕ್ಕೆ ಯಾಕೆ ಹೊಳೆಯಲಿಲ್ಲ ಎಂದು ನನಗೆ ಸಿಟ್ಟೇ ಬಂತು.

ತರೀಕೆರೆಯ ನಮ್ಮ ಮನೆ ಮುಂದೆ ಇರುವುದು ಒಂದೇ ಒಂದು ದಾಸವಾಳ. ಅದರ ಕೆಳಗೆ ಚಾಪೆ ಹಾಸಿದರೆ ಅರ್ಧ ಚಾಪೆ ಚರಂಡಿಯಲ್ಲಿರುತ್ತದೆ. ಆದರೆ ಶಿವನಿ ಹತ್ತಿರ ಅಕ್ಕನ ಮಾವಿನ ತೋಪಿದೆ. ಅಷ್ಟೂ ಮರಗಳನ್ನು ಭಾವ ತಾವೇ ನೆಟ್ಟು, ಕೊಡದಲ್ಲಿ ನೀರು ಹೊತ್ತು ಬೆಳೆಸಿದ್ದರು. ಭಾವ ತೀರಿಕೊಂಡ ಮೇಲೆ ಬಂದ ಮೊದಲ ಚಳಿಗಾಲದಲ್ಲಿ ತೋಪು ಹೂವನ್ನೇ ಬಿಡಲಿಲ್ಲ. ಮಾವು ಒಂದು ವರ್ಷ ಬಿಟ್ಟು ಒಂದು ವರ್ಷ ಕೈಕೊಡುವುದು ಎಲ್ಲರಿಗೂ ಗೊತ್ತು, ಅಕ್ಕನಿಗೂ ಗೊತ್ತು. ಆದರೂ ಮರಗಳು ತನ್ನ ಮೇಲೆ ಮುನಿಸಿಕೊಂಡಿವೆ ಎನ್ನುವ ಹಾಗೆ ಅವಳು ಕುಗ್ಗಿಹೋಗಿದ್ದಳು. ಈ ಸಲ ಹೂ ಬಂದಿದೆ ಎಂಬ ಸುದ್ದಿ ನನಗೆ ಬಂದದ್ದು ಬೇರೆ ಯಾರಿಂದಲೋ. ಅಕ್ಕ ಹೇಳಿರಲಿಲ್ಲ.

ಅವಳು ಹೇಳುವುದೂ ಇಲ್ಲ. ಹೂವಿನಲ್ಲಿರುವ ಮರವನ್ನು ಹೊಗಳಬಾರದು, ದೃಷ್ಟಿಯಾಗುತ್ತದೆ ಎನ್ನುವುದು ಆ ಮನೆಯ ಹಳೆಯ ಕಟ್ಟು. ಯಾರಾದರೂ ಕೇಳಿದರೆ ನೆಲ ನೋಡುತ್ತಾ "ಏನೋ, ಒಂಚೂರು ಬಂದೈತೆ" ಎನ್ನಬೇಕು. ಕಾಯಿ ನಿಂಬೆಹಣ್ಣಿನ ಗಾತ್ರಕ್ಕೆ ಬಂದ ಮೇಲೆ ಬಾಯಿ ಬಿಡಬಹುದು. ಇಂಥವಳಿಗೆ ಫೋನ್ ಮಾಡಿ, ಜಪಾನಿನವರ ಹಾಗೆ ಹೂ ನೋಡುವ ಹಬ್ಬ ಮಾಡೋಣ ಎಂದೆ.

"ನಿಂಗೇನ್ ತಲೆಗಿಲೆ ಕೆಟ್ಟೈತೇನೇ? ಅವ್ರದ್ದು ಬರೀ ಹೂವಿನ ಮರ, ಉದುರಿದ್ರೆ ಉದುರ್ಲಿ. ನಮ್ದು ಉದುರಿದ್ರೆ ಹಣ್ಣು ಎಲ್ಲಿಂದ ತರಾನ?"

ನಾನು ಬಿಡುವವಳಲ್ಲ. ಕೊನೆಗೆ ಒಂದು ಷರತ್ತಿನ ಮೇಲೆ ಒಪ್ಪಿದಳು. ಬರಬಹುದು, ಉಣ್ಣಬಹುದು, ಆದರೆ ಹೂವಿನ ಮಾತೆತ್ತಬಾರದು, ಫೋಟೋ ತೆಗೆಯಬಾರದು.

ಭಾನುವಾರ ನಾನೂ ನಮ್ಮವರೂ ಹೋದೆವು. ತೋಪಿಗೆ ಕಾಲಿಟ್ಟರೆ ಎಲೆಯೇ ಕಾಣದಷ್ಟು ಹೂ, ಮೂಗು ತುಂಬುವ ಪರಿಮಳ, ಜೇನುನೊಣಗಳ ಗುಂಯ್ ಸದ್ದು. ನಮ್ಮವರು ತಲೆಯೆತ್ತಿ "ಅಬ್ಬಾ, ಎಂಥಾ" ಎಂದರು. ಅಕ್ಕ ದುರುಗುಟ್ಟಿ ನೋಡಿದಳು. "ಎಂಥಾ ರೊಟ್ಟಿ ಅತ್ತಿಗೆ!" ಎಂದು ಮಾತು ತಿರುಗಿಸಿದರು. ರೊಟ್ಟಿ ಇನ್ನೂ ಡಬ್ಬಿಯೊಳಗೇ ಇತ್ತು.

ಚಾಪೆ ಹಾಸಿ ಕೂತೆವು. ಹೂವೊಂದನ್ನು ಬಿಟ್ಟು ಕಂಡದ್ದನ್ನೆಲ್ಲ ಹೊಗಳಿದೆವು. ಹುಚ್ಚೆಳ್ಳು ಚಟ್ನಿ, ಅವರೆಕಾಳಿನ ಉಸಲಿ, ಕೊನೆಗೆ ಚಾಪೆಯನ್ನೂ. ಮೇಲಿಂದ, ಹೂವಿಗೆ ಮುತ್ತಿದ ಜಿಗಿಹುಳುಗಳ ಅಂಟು ಹನಿಹನಿಯಾಗಿ ನಮ್ಮವರ ಬೋಳುತಲೆಗೇ ಬೀಳುತ್ತಿತ್ತು. ವಿಡಿಯೋದಲ್ಲಿ ಇದನ್ನು ತೋರಿಸಿರಲಿಲ್ಲ. ಆದರೂ ನನಗೆ ತುಂಬಾ ಖುಷಿಯಾಗಿತ್ತು. ಎಲ್ಲರಿಗೂ ಬಡಿಸಿ ಕೊನೆಗೆ ಒಲೆಯ ಮುಂದೆ ಉಣ್ಣುವ ಅಕ್ಕ ಅವತ್ತು ನನ್ನ ಪಕ್ಕದಲ್ಲಿ ಚಕ್ಕಂಬಕ್ಕಳ ಹಾಕಿ ಕೂತಿದ್ದಳು.

ಅಷ್ಟರಲ್ಲಿ ಗಾಳಿ ಬೀಸಿತು. ನುಚ್ಚಕ್ಕಿ ಚೆಲ್ಲಿದಂತೆ ಹೂ ಉದುರಿ ನಮ್ಮ ತಟ್ಟೆಗಳಿಗೆ ಬಿತ್ತು. ಜಪಾನಿನವರು ಈ ಗಳಿಗೆಗಾಗಿಯೇ ಕಾಯುತ್ತಾರಂತೆ. ಅಕ್ಕನ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. ಆಯಿತು, ಇನ್ನು ಚಾಪೆ ಸುತ್ತಿ ನಮ್ಮನ್ನು ಓಡಿಸುತ್ತಾಳೆ ಎಂದುಕೊಂಡೆ. ಅವಳು ಅವತ್ತು ಮೊದಲ ಸಲ ತಲೆಯೆತ್ತಿ ಮರ ನೋಡಿದಳು. ತುಂಬಾ ಹೊತ್ತು ನೋಡಿದಳು.

"ಚೆನ್ನಾಗೈತೆ, ಅಲ್ವೇನೇ?" ಎಂದಳು.

ನಮ್ಮವರು ಅಗಿಯುವುದನ್ನೇ ನಿಲ್ಲಿಸಿದರು.

"ಅವ್ರು ಇದ್ದಾಗ ಒಂದ್ಸಲಾನೂ ಹೇಳ್ಲಿಲ್ಲ ಕಣೇ, ಎಷ್ಟ್ ಚೆನ್ನಾಗಿ ಬೆಳ್ಸಿದೀರಿ ಅಂತ. ದೃಷ್ಟಿ ಆಗುತ್ತೆ ಅಂತ ಬಾಯ್ ಮುಚ್ಕೊಂಡೇ ಇದ್ಬಿಟ್ಟೆ."

ನನಗೆ ಅಳು ಬಂತು. ನಮ್ಮವರೇ ಮೆಲ್ಲಗೆ "ತುಂಬಾ ಚೆನ್ನಾಗಿವೆ ಅತ್ತಿಗೆ" ಎಂದರು. ಅಕ್ಕ ಬೈಯಲಿಲ್ಲ. ಕೈ ತೊಳೆದು ಎದ್ದು, ಒಂದೊಂದೇ ಮರದ ಹತ್ತಿರ ಹೋಗಿ ನಿಂತು ನೋಡಿ ಬಂದಳು. ಒಂದೊಂದಕ್ಕೂ ಏನೋ ಹೇಳುತ್ತಿದ್ದಳು. ನಾವು ಕೇಳಿಸಿಕೊಳ್ಳಲು ಹೋಗಲಿಲ್ಲ.

ಸಂಜೆ ನಾವು ಹೊರಡುವಾಗ ಹಿಡಿ ಉಪ್ಪು, ಒಣಮೆಣಸಿನಕಾಯಿ ತಂದು ತೋಪಿಗೆಲ್ಲ ನಿವಾಳಿಸಿ, ಮನೆಗೆ ಬಂದು ಒಲೆಗೆ ಹಾಕಿದಳು. ಚಟಪಟ ಎಂದಿತು. ಎಲ್ಲರಿಗೂ ಸೀನು ಬಂತು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ಒಲೆಯನ್ನೇ ನೋಡುತ್ತಿದ್ದಳು.

"ಹಿಂಗೆ ಮಾಡ್ಬೋದಿತ್ತಲ್ಲೇ," ಎಂದಳು. "ಹೇಳೋದ್ನ ಹೇಳಿ, ಆಮೇಲೆ ನಿವಾಳ್ಸಿದ್ರೆ ಆಗ್ತಿತ್ತು."