ಹಲಗೆಯ ಮೇಲಿನ ಅವ್ವ

ದಾಂಡೇಲಿಯ ನಮ್ಮ ಮನೆಯ ಮೇಲಿನ ಕೋಣೆಯನ್ನು ಕಾಡು ನೋಡಲು ಬರುವವರಿಗೆ ಬಾಡಿಗೆಗೆ ಕೊಡುತ್ತೇವೆ. ಕಳೆದ ವರ್ಷ ಬಂದ ಜಪಾನಿನ ಹೆಣ್ಣುಮಗಳಿಗೆ ಕಾಡು ಬೇಕಿರಲಿಲ್ಲ. ಕಟ್ಟಿಗೆಯ ಹಲಗೆಯಲ್ಲಿ ಚಿತ್ರ ಕೆತ್ತಿ, ಅದರ ಪಕ್ಕಕ್ಕೇ ಕವಿತೆಯ ಸಾಲು ಕೆತ್ತಿ, ಮಸಿ ಹಚ್ಚಿ ಕಾಗದಕ್ಕೆ ಒತ್ತುವುದು ಆಕೆಯ ಕೆಲಸ. ನಾನು ರೊಟ್ಟಿ ಬಡಿಯುತ್ತ ನಮ್ಮವ್ವನ ಬೀಸುವ ಪದ ಗುನುಗಿದ್ದೇ ತಡ, ಅಡುಗೆಮನೆಯ ಬಾಗಿಲಲ್ಲಿ ಕುಳಿತುಬಿಟ್ಟಳು.

“ಹಿಟ್ಟು ಆತವ್ವ, ಹಾಡು ಆಗಲಿಲ್ಲ.” ಕಾಲೇಜಿಗೆ ಹೋಗುವ ನನ್ನ ಮಗಳು ಪದದ ಆ ಸಾಲನ್ನು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದಳು, ಕನ್ನಡದಲ್ಲಿ ಬರೆದೂ ಕೊಟ್ಟಳು.

ತೀರಿಹೋದ ಅವ್ವನ ಒಂದು ಫೋಟೋ ಸಹ ತೇರಗಾಂವದ ತವರುಮನೆಯಲ್ಲಿಲ್ಲ. ಅವಳ ಮುಖ ಹೇಗಿತ್ತೆಂದು ನಾನು ಹೇಳುತ್ತ ಹೋದೆ, ಆಕೆ ಪೆನ್ಸಿಲಿನಲ್ಲಿ ಬಿಡಿಸುತ್ತ ಹೋದಳು.

“ಮೂಗು ಇಷ್ಟ ಚೂಪ ಅಲ್ರಿ, ನನ್ನಂಗ ಮೊಂಡ.”

“ಬಾಯಿನೂ ನಿನ್ನಂಗ ದೊಡ್ಡದ ಇತ್ತೇನವಾ?” ಅಂದಳು ಮಗಳು.

ದೇವರು ದೊಡ್ಡವನು, ವಾರದೊಳಗೆ ಅವ್ವ ಹಲಗೆಯಲ್ಲಿ ಬೀಸುಕಲ್ಲಿನ ಮುಂದೆ ಕುಳಿತು ನನ್ನನ್ನೇ ನೋಡುತ್ತಿದ್ದಳು. ಕಾಗದದ ಪ್ರತಿಗಳೂ ಚಂದ ಬಂದವು, ಒಂದನ್ನು ನನಗೇ ಕೊಟ್ಟಳು. ನಾನು ಚಹಾ ತೆಗೆದುಕೊಂಡು ಮೇಲೆ ಹೋದಾಗ ಆಕೆ ಹಲಗೆ ಒರೆಸಿ, ಅವ್ವನ ಹಣೆಯಿಂದ ಗದ್ದದವರೆಗೆ ಉಳಿಯಿಂದ ಗೀರಿದಳು.

ಚಹಾದ ಕಪ್ ಕೈಯಿಂದ ಬಿತ್ತು. “ಅಯ್ಯ ನಮ್ಮವ್ವ! ಏನ ಮಾಡಿದ್ಯವಾ ನೀ!”

ಆಕೆಯೂ ಗಾಬರಿಯಾದಳು. ಓಡಿ ಬಂದ ಮಗಳು ವಿಚಾರಿಸಿ, “ಅವರ ಪದ್ಧತಿ ಅಂತವಾ. ಮುಂದ ಯಾರೂ ಮತ್ತ ಪ್ರತಿ ತಗೀಬಾರ್ದು ಅಂತ ಹಲಗಿ ಕೆಡಸ್ತಾರಂತ,” ಎಂದಳು.

“ತನ್ನ ಅವ್ವನ ಮಾರಿ ಆಗಿದ್ರ ಹಿಂಗ ಗೀರ್ತಿದ್ಲೇನು, ಕೇಳು.”

ಮಗಳು ಕೇಳಿದಳು. ಆಕೆ ಉಳಿ ಕೆಳಗಿಟ್ಟು, ಹಲಗೆಯನ್ನು ಎರಡೂ ಕೈಯಲ್ಲಿ ಎತ್ತಿ ನನಗೆ ಕೊಟ್ಟಳು.

ಮುಕ್ಕಾದ ಮೂರ್ತಿಯನ್ನು ನಾವು ಮನೆಯಲ್ಲಿ ಇಡುವುದಿಲ್ಲ. ಮಿಲ್ಲಿನಿಂದ ಬಂದ ನಮ್ಮ ಮನೆಯವರು ನೋಡಿದವರೇ, “ಹೊಳಿಗೆ ಬಿಟ್ಟ ಬಾ,” ಅಂದರು. ಹೋದೆ. ಕಾಳಿ ಹೊಳೆಯ ದಂಡೆಯಲ್ಲಿ ನಿಂತು ಗೀರಿನ ಮೇಲೆ ಬೆರಳಾಡಿಸಿದೆ. ಉಳಿ ಎರಡು ಕಣ್ಣುಗಳ ನಡುವೆ ಹಾದು ಹೋಗಿತ್ತು, ಕಣ್ಣು ಮುಟ್ಟಿರಲಿಲ್ಲ. ಅಷ್ಟಾದರೂ ಉಳಿಸಿದೆಯಲ್ಲ ತಾಯಿ, ಅಂದುಕೊಂಡೆ. ಕಾಗದದ ಅವ್ವನ ಕೆನ್ನೆ ನುಣ್ಣಗಿದೆ. ಈ ಕೆನ್ನೆ ಬೆರಳಿಗೆ ಸಿಗುತ್ತಿತ್ತು. ನೀರಿಗೆ ಬಗ್ಗಿದೆ, ಕೈ ಬಿಡಲಿಲ್ಲ.

ಸೆರಗಿನಲ್ಲಿ ಸುತ್ತಿಕೊಂಡು ತಂದು ಹಿಟ್ಟಿನ ಡಬ್ಬಿಯ ಹಿಂದೆ ನಿಲ್ಲಿಸಿದೆ. ಮನೆಯವರು ನೋಡಿಯೇಬಿಟ್ಟರು.

“ಬಿಟ್ಟ ಬಾ ಅಂದಿದ್ನಲ್ಲ?”

“ಹೊಳಿಯಾಗ ನೀರ ಕಮ್ಮಿ ಐತ್ರಿ,” ಅಂದೆ. “ಸೂಪಾ ಡ್ಯಾಮಿನಾಗ ನೀರ ಬಿಟ್ಟ ಮ್ಯಾಲ ನೋಡೂಣು.”